ಪ್ರೇಮಚಂದ್: ಹಿಂದಿ ಕಥನವನ್ನು ಮಾಯಾಲೋಕದಿಂದ ಹೊಲಕ್ಕೆ ಕರೆತಂದವರು

ಹಿಂದಿ ಕಥಾಸಾಹಿತ್ಯದ ಚರಿತ್ರೆಯನ್ನು ಬರೆಯುವವರು ಅದನ್ನು ಪ್ರೇಮಚಂದ್ ಪೂರ್ವಯುಗ, ಪ್ರೇಮಚಂದ್ ಯುಗ ಮತ್ತು ಪ್ರೇಮಚಂದೋತ್ತರ ಯುಗವೆಂದು ವಿಂಗಡಿಸುವುದು ವಾಡಿಕೆ. ಒಂದು ಭಾಷೆಯ ಗದ್ಯದ ಕಾಲಗಣನೆ ಒಬ್ಬನೇ ಲೇಖಕನ ಹೆಸರಿನಲ್ಲಿ ನಡೆಯುವುದು ಅಪರೂಪ. ಆ ಹೆಸರೂ ಅವರ ಹುಟ್ಟುಹೆಸರಲ್ಲ, ಮೊದಲ ಕಾವ್ಯನಾಮವೂ ಅಲ್ಲ. ಸರಕಾರದ ಕಣ್ಣು ತಪ್ಪಿಸಿ ಬರೆಯುವುದಕ್ಕಾಗಿ ಇಟ್ಟುಕೊಂಡ ಹೆಸರು ಅದು. ಹಿಂದಿಯ 'ಉಪನ್ಯಾಸ ಸಮ್ರಾಟ' ಎಂದು ಕರೆಸಿಕೊಂಡ ಈ ಲೇಖಕರು (ಹಿಂದಿಯಲ್ಲಿ ಉಪನ್ಯಾಸವೆಂದರೆ ಕಾದಂಬರಿ) ಬರೆಯಲಾರಂಭಿಸಿದ್ದು ಉರ್ದುವಿನಲ್ಲಿ. ಸಮ್ರಾಟರೆನಿಸಿದವರು ಬಾಳಿನುದ್ದಕ್ಕೂ ಸಾಲದ ಲೆಕ್ಕ ಬರೆಯುತ್ತಲೇ ಇದ್ದರು. ಈ ಲೆಕ್ಕವನ್ನು ಬಿಟ್ಟು ಅವರ ಸಾಹಿತ್ಯವನ್ನು ಓದಿದರೆ ಅದರ ತಿರುಳು ಕೈತಪ್ಪುತ್ತದೆ.

ಪ್ರೇಮಚಂದ್ ಬರುವ ಹೊತ್ತಿಗೆ ಹಿಂದಿಯಲ್ಲಿ ಕಾದಂಬರಿ ಇರಲಿಲ್ಲವೆಂದೇನೂ ಅಲ್ಲ. ಲಾಲಾ ಶ್ರೀನಿವಾಸದಾಸರ 'ಪರೀಕ್ಷಾ ಗುರು' 1882ರಲ್ಲಿಯೇ ಪ್ರಕಟವಾಗಿತ್ತು. ದೇವಕೀನಂದನ ಖತ್ರಿಯವರ 'ಚಂದ್ರಕಾಂತಾ' ಮತ್ತು ಅದರ ಮುಂದುವರಿಕೆಯ ಸಂಪುಟಗಳು ಅಪಾರ ಜನಪ್ರಿಯತೆ ಗಳಿಸಿದ್ದವು. ಅವನ್ನು ಓದುವುದಕ್ಕೆಂದೇ ಅನೇಕರು ನಾಗರಿ ಲಿಪಿ ಕಲಿತರೆಂಬ ಪ್ರತೀತಿ ಇಂದಿಗೂ ಇದೆ. ಗೋಪಾಲರಾಮ ಗಹಮರಿಯವರ ಪತ್ತೇದಾರಿ ಕಾದಂಬರಿಗಳಿದ್ದವು. ಮಾಯಾಭವನಗಳು, ವೇಷ ಮರೆಸುವ ಗೂಢಚಾರರು, ಸೆರೆಯಾದ ರಾಜಕುಮಾರಿಯರು, ಕೊಲೆಯ ರಹಸ್ಯಗಳು - ಓದುಗರನ್ನು ಹಿಡಿದಿಡುವ ಸಾಮಗ್ರಿಗೆ ಕೊರತೆಯಿರಲಿಲ್ಲ. ಆದರೆ ಸಾಲ ತೀರಿಸಲಾರದ ರೈತ, ವರದಕ್ಷಿಣೆಯಿಲ್ಲದೆ ಮುದುಕನ ಕೈಹಿಡಿದ ಹುಡುಗಿ, ಮೇಲ್ಜಾತಿಯವರ ಬಾವಿಯಿಂದ ಒಂದು ಕೊಡ ನೀರು ತರಲಾರದ ಹೆಂಗಸು ಕಥೆಯ ಕೇಂದ್ರಕ್ಕೆ ಬಂದಿರಲಿಲ್ಲ.

ಲಮಹಿಯ ಬಾಲಕ

ಪ್ರೇಮಚಂದರ ನಿಜನಾಮ ಧನಪತ ರಾಯ್. ಜನನ 1880ರ ಜುಲೈ 31ರಂದು, ಬನಾರಸ್ಸಿಗೆ ಸಮೀಪದ ಲಮಹಿ ಎಂಬ ಹಳ್ಳಿಯಲ್ಲಿ, ಕಾಯಸ್ಥ ಕುಟುಂಬದಲ್ಲಿ. ತಂದೆ ಅಜಾಯಬ್ ಲಾಲ್ ಅಂಚೆ ಇಲಾಖೆಯಲ್ಲಿ ಗುಮಾಸ್ತರು. ತಾಯಿ ಆನಂದಿದೇವಿ ಮಗನಿಗೆ ಎಂಟು ವರ್ಷ ತುಂಬುವ ಸುಮಾರಿಗೆ ತೀರಿಕೊಂಡರು. ತಂದೆ ಮರುಮದುವೆಯಾದರು. ತಾಯಿಯಿಲ್ಲದ ಮಗು, ಮಲತಾಯಿಯ ಮನೆ, ಅಜ್ಜಿಯ ಆಸರೆ ಇವೆಲ್ಲ ಅವರ ಕಥೆಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವುದಕ್ಕೆ ಕಾರಣವನ್ನು ಬೇರೆಲ್ಲೂ ಹುಡುಕಬೇಕಾಗಿಲ್ಲ.

ಆ ಕಾಲದ ಕಾಯಸ್ಥ ಮನೆತನಗಳ ಪದ್ಧತಿಯಂತೆ ಬಾಲಕನ ವಿದ್ಯಾಭ್ಯಾಸ ಮೌಲ್ವಿಯೊಬ್ಬರ ಬಳಿ ಉರ್ದು ಮತ್ತು ಫಾರಸಿಯಿಂದ ಆರಂಭವಾಯಿತು. ತಂದೆಗೆ ಗೋರಖಪುರಕ್ಕೆ ವರ್ಗವಾದಾಗ ಹುಡುಗನಿಗೆ ಎರಡು 'ಗುರುಕುಲ'ಗಳು ದೊರೆತವು. ಒಂದು, ತಂಬಾಕು ವ್ಯಾಪಾರಿಯ ಮನೆ. ಅಲ್ಲಿ ಹುಕ್ಕಾ ಸೇದುತ್ತ ಕುಳಿತವರ ನಡುವೆ 'ತಿಲಿಸ್ಮ್-ಎ-ಹೋಶ್‌ರುಬಾ'ದ ಅದ್ಭುತ ಕಥೆಗಳ ವಾಚನ ನಡೆಯುತ್ತಿತ್ತು. ಇನ್ನೊಂದು, ಪುಸ್ತಕದಂಗಡಿ. ಶಾಲೆಯ ಹುಡುಗರಿಗೆ ಅಂಗಡಿಯ ಪಠ್ಯ ಸಹಾಯಿಗಳನ್ನು ಮಾರಿಕೊಟ್ಟರೆ ಅದಕ್ಕೆ ಬದಲಾಗಿ ಕಾದಂಬರಿಗಳನ್ನು ಮನೆಗೆ ಒಯ್ದು ಓದಬಹುದಾಗಿತ್ತು. ಮುಂದೆ ಹಿಂದಿ ಕಥನವನ್ನು ಮಾಯಾಜಾಲದಿಂದ ಬಿಡಿಸಿದವರು ಬಾಲ್ಯದಲ್ಲಿ ಆ ಮಾಯಾಜಾಲವನ್ನು ಹೊಟ್ಟೆ ತುಂಬ ಉಂಡವರೇ. ಅವರ ಅತ್ಯಂತ ಕಠೋರ ಕಥೆಗಳೂ ಓದುಗನನ್ನು ಮೊದಲ ವಾಕ್ಯದಲ್ಲಿಯೇ ಹಿಡಿದುಕೊಳ್ಳುವುದರ ಹಿಂದೆ ಆ ತಂಬಾಕು ವ್ಯಾಪಾರಿಯ ಮನೆಯ ಪಾಠವಿದೆಯೆಂದು ಈ ಲೇಖಕನ ಅನಿಸಿಕೆ.

ಹದಿನೈದನೆಯ ವಯಸ್ಸಿಗೆ ಮದುವೆ. 1897ರಲ್ಲಿ ತಂದೆಯ ಮರಣ. ಹೆಂಡತಿ, ಮಲತಾಯಿ ಮತ್ತು ಆಕೆಯ ಮಕ್ಕಳ ಹೊಣೆ ವಿದ್ಯಾರ್ಥಿಯ ಹೆಗಲಿಗೆ ಬಿತ್ತು. ವಕೀಲರೊಬ್ಬರ ಮಗನಿಗೆ ಮನೆಪಾಠ ಹೇಳಿದರೆ ತಿಂಗಳಿಗೆ ಐದು ರೂಪಾಯಿ. ವಾಸ ಆ ವಕೀಲರ ಕುದುರೆಲಾಯದ ಮೇಲಿನ ಒಂದು ಮಣ್ಣಿನ ಕೋಣೆಯಲ್ಲಿ. ಎರಡು ರೂಪಾಯಿಯಲ್ಲಿ ತಾನು ಬದುಕಿ ಮೂರು ರೂಪಾಯಿ ಮನೆಗೆ ಕೊಡುವುದೆಂದು ನಿಶ್ಚಯ. ಗಣಿತ ಒಲಿಯದೆ ಕಾಲೇಜಿನ ಬಾಗಿಲು ಮುಚ್ಚಿತು. ಒಂದು ಚಳಿಗಾಲದ ಸಂಜೆ ಕೈಯಲ್ಲಿ ಬಿಡಿಗಾಸೂ ಇಲ್ಲದೆ, ಎರಡು ರೂಪಾಯಿಗೆ ಕೊಂಡಿದ್ದ ಅಂಕಗಣಿತದ ಕೈಪಿಡಿಯೊಂದನ್ನು ಒಂದು ರೂಪಾಯಿಗೆ ಮಾರಿ ಅಂಗಡಿಯಿಂದ ಇಳಿಯುತ್ತಿದ್ದಾಗ ಅಲ್ಲಿಯೇ ಕುಳಿತಿದ್ದ ಮುಖ್ಯೋಪಾಧ್ಯಾಯರೊಬ್ಬರು ಮಾತನಾಡಿಸಿದರು. ಅವರಿಗೆ ಚುನಾರದ ಸಣ್ಣ ಶಾಲೆಯೊಂದಕ್ಕೆ ಮಾಸ್ತರರು ಬೇಕಾಗಿದ್ದರು. ಸಂಬಳ 18 ರೂಪಾಯಿ. ಪ್ರೇಮಚಂದರೇ ತಮ್ಮ ಆತ್ಮಕಥನಾತ್ಮಕ ಪ್ರಬಂಧದಲ್ಲಿ ಈ ಪ್ರಸಂಗವನ್ನು ದಾಖಲಿಸಿದ್ದಾರೆ. 1899ರಿಂದ 1921ರವರೆಗೆ ಚುನಾರ, ಬಹರಾಯಿಚ್, ಪ್ರತಾಪಗಢ, ಕಾನ್ಪುರ, ಮಹೋಬಾ, ಬಸ್ತಿ, ಗೋರಖಪುರಗಳಲ್ಲಿ ಅವರು ಶಾಲಾ ಮಾಸ್ತರರಾಗಿಯೂ ಶಾಲಾ ತನಿಖಾಧಿಕಾರಿಯಾಗಿಯೂ ದುಡಿದರು. ನೌಕರಿ ಮಾಡುತ್ತಲೇ ಓದಿ ಬಿ.ಎ. ಪದವಿ ಪಡೆದದ್ದು 1919ರಲ್ಲಿ, ತಮ್ಮ 39ನೆಯ ವಯಸ್ಸಿನಲ್ಲಿ.

ನವಾಬ್ ರಾಯ್ ಹೋಗಿ ಪ್ರೇಮಚಂದ್ ಬಂದದ್ದು

ಮನೆಯಲ್ಲಿ ಚಿಕ್ಕಂದಿನಿಂದ ಕರೆಯುತ್ತಿದ್ದ ಹೆಸರು 'ನವಾಬ್'. ಅದನ್ನೇ ಹಿಡಿದು 'ನವಾಬ್ ರಾಯ್' ಎಂಬ ಹೆಸರಿನಲ್ಲಿ ಧನಪತ ರಾಯ್ ಉರ್ದುವಿನಲ್ಲಿ ಬರೆಯತೊಡಗಿದರು. ದೇವಸ್ಥಾನಗಳ ಮಹಂತರ ದುರಾಚಾರವನ್ನು ಕುರಿತ 'ಅಸರಾರ್-ಎ-ಮಆಬಿದ್' ಎಂಬ ಮೊದಲ ಕಾದಂಬರಿ ಬನಾರಸ್ಸಿನ ಉರ್ದು ವಾರಪತ್ರಿಕೆಯಲ್ಲಿ 1903ರಿಂದ ಧಾರಾವಾಹಿಯಾಗಿ ಬಂತು. ಕಾನ್ಪುರದಲ್ಲಿದ್ದಾಗ 'ಜಮಾನಾ' ಮಾಸಪತ್ರಿಕೆಯ ಸಂಪಾದಕ ದಯಾನಾರಾಯಣ ನಿಗಮರ ಸ್ನೇಹವಾಯಿತು. ಆ ಸ್ನೇಹ ಜೀವನಪರ್ಯಂತ ಉಳಿಯಿತು.

ನಿಗಮರ ಮುದ್ರಣಾಲಯದಿಂದಲೇ 1908ರಲ್ಲಿ 'ಸೋಜ್-ಎ-ವತನ್' ಎಂಬ ಐದು ಕಥೆಗಳ ಸಂಕಲನ ಹೊರಬಂತು. ಬಂಗಾಳ ವಿಭಜನೆಯ ನಂತರದ ಸ್ವದೇಶಿ ಬಿಸಿಯಲ್ಲಿ ಬರೆದ ದೇಶಪ್ರೇಮದ ಕಥೆಗಳು ಅವು. ಇಂದು ಓದಿದರೆ ಕಥೆಗಳಿಗಿಂತ ಆವೇಶವೇ ಹೆಚ್ಚು ಕಾಣುತ್ತದೆ. ಆದರೆ ಸರಕಾರಕ್ಕೆ ಅಷ್ಟೇ ಸಾಕಾಗಿತ್ತು. ಆಗ ಹಮೀರ್‌ಪುರ ಜಿಲ್ಲೆಯ ಮಹೋಬಾದಲ್ಲಿ ಶಾಲಾ ತನಿಖಾಧಿಕಾರಿಯಾಗಿದ್ದ ನವಾಬ್ ರಾಯರನ್ನು ಜಿಲ್ಲಾ ಕಲೆಕ್ಟರರು ಕರೆಸಿ, ಒಂದೊಂದು ಕಥೆಯ ಅರ್ಥವನ್ನೂ ಅವರ ಬಾಯಿಂದಲೇ ಕೇಳಿ, ಇದು ರಾಜದ್ರೋಹವೆಂದು ಗದರಿಸಿದರು. ಮಾರಾಟವಾಗದೆ ಉಳಿದ ಪ್ರತಿಗಳನ್ನೆಲ್ಲ ಒಪ್ಪಿಸಬೇಕಾಯಿತು. ಅವನ್ನು ಸುಡಲಾಯಿತು. ಇನ್ನು ಮುಂದೆ ಬರೆದದ್ದನ್ನೆಲ್ಲ ಮೊದಲು ಮೇಲಧಿಕಾರಿಗಳಿಗೆ ತೋರಿಸಬೇಕೆಂದು ಆಜ್ಞೆಯಾಯಿತು.

ತಿಂಗಳಿಗೆ ಹಲವು ಲೇಖನ ಬರೆಯುವವನು ಪ್ರತಿಯೊಂದನ್ನೂ ಕಲೆಕ್ಟರರ ಕಚೇರಿಗೆ ಹೊತ್ತೊಯ್ಯುವುದು ಹೇಗೆ? ನೌಕರಿ ಬಿಡುವ ಸ್ಥಿತಿಯಲ್ಲಿ ಅವರಿರಲಿಲ್ಲ. ಬರವಣಿಗೆ ಬಿಡುವುದೂ ಸಾಧ್ಯವಿರಲಿಲ್ಲ. ನಿಗಮರು ಹೊಸ ಹೆಸರೊಂದನ್ನು ಸೂಚಿಸಿದರು. 1910ರ ಕೊನೆಯಲ್ಲಿ 'ಜಮಾನಾ'ದಲ್ಲಿ 'ಬಡೇ ಘರ್ ಕೀ ಬೇಟಿ' ಕಥೆ 'ಪ್ರೇಮಚಂದ್' ಎಂಬ ಹೆಸರಿನಲ್ಲಿ ಪ್ರಕಟವಾಯಿತು. ನವಾಬ್ ರಾಯ್ ಅಲ್ಲಿಗೆ ಮರೆಯಾದರು.

ಇಲ್ಲೊಂದು ಮಾತು. ಅವರ ಹೆಸರಿನ ಹಿಂದೆ 'ಮುನ್ಶಿ' ಎಂದು ಸೇರಿಸುವುದು ರೂಢಿಯಾಗಿದ್ದರೂ ಅವರು ತಾವಾಗಿ ಹಾಗೆ ಬರೆದುಕೊಳ್ಳುತ್ತಿರಲಿಲ್ಲ. ಕಾಯಸ್ಥರಿಗೂ ಶಾಲಾ ಮಾಸ್ತರರಿಗೂ ಗೌರವಕ್ಕಾಗಿ ಹಾಗೆನ್ನುವ ಪದ್ಧತಿ ಇದ್ದುದು ನಿಜ. ಜೊತೆಗೆ, 1935ರಲ್ಲಿ 'ಹಂಸ್' ಪತ್ರಿಕೆಗೆ ಕನ್ಹಯ್ಯಾಲಾಲ್ ಮುನ್ಶಿಯವರು ಸಹಸಂಪಾದಕರಾದಾಗ ಮುಖಪುಟದಲ್ಲಿ 'ಮುನ್ಶಿ, ಪ್ರೇಮಚಂದ್' ಎಂದು ಇಬ್ಬರ ಹೆಸರು ಅಚ್ಚಾಗುತ್ತಿದ್ದು, ನಡುವಿನ ಅಲ್ಪವಿರಾಮ ಓದುಗರ ಕಣ್ಣಿಗೆ ಬೀಳದೆ ಈ ರೂಢಿ ಗಟ್ಟಿಯಾಯಿತೆಂಬ ವಾದವೂ ಪ್ರಚಲಿತವಾಗಿದೆ.

ಎರಡು ಲಿಪಿಗಳ ನಡುವೆ

ಪ್ರೇಮಚಂದ್ ಹಿಂದಿಗೆ ಬಂದದ್ದು ಮಧ್ಯವಯಸ್ಸಿನಲ್ಲಿ. ಅವರ ಮೊದಲ ಹಿಂದಿ ಕಥೆಯೆಂದು ಗುರುತಿಸಲಾಗುವ 'ಸೌತ್' 1915ರ ಡಿಸೆಂಬರಿನ 'ಸರಸ್ವತಿ' ಪತ್ರಿಕೆಯಲ್ಲಿ ಬಂತು. ಅದೇ ವರ್ಷ ನಿಗಮರಿಗೆ ಬರೆದ ಪತ್ರದಲ್ಲಿ, ತಾವು ಹಿಂದಿ ಬರೆಯುವ ಅಭ್ಯಾಸ ಮಾಡುತ್ತಿರುವುದಾಗಿಯೂ ಉರ್ದುವಿನಲ್ಲಿ ಬರೆದು ಹಿಂದೂ ಲೇಖಕನೊಬ್ಬ ಏಳಿಗೆ ಹೊಂದಿದ್ದನ್ನು ಕಾಣೆನೆಂದೂ ನೊಂದು ತಿಳಿಸಿದ್ದಾರೆ. ಕಾರಣ ಕೇವಲ ಭಾವನಾತ್ಮಕವಲ್ಲ, ಅದರಲ್ಲಿ ಜೀವನೋಪಾಯದ ಪ್ರಶ್ನೆಯೂ ಇತ್ತು. ಉರ್ದುವಿನಲ್ಲಿ ಬರೆದಿಟ್ಟ 'ಬಾಜಾರ್-ಎ-ಹುಸ್ನ್' ಕಾದಂಬರಿಗೆ ಪ್ರಕಾಶಕರು ಸಿಗದೆ ವರ್ಷಗಳು ಉರುಳಿದವು. ಅದರ ಹಿಂದಿ ರೂಪ 'ಸೇವಾಸದನ' ಕಲ್ಕತ್ತೆಯ ಪ್ರಕಾಶಕರಿಂದ ಮೊದಲು ಬೆಳಕು ಕಂಡು ಲೇಖಕರನ್ನು ರಾತ್ರೋರಾತ್ರಿ ಪ್ರಸಿದ್ಧರನ್ನಾಗಿಸಿತು. ಮೂಲ ಉರ್ದು ಪುಸ್ತಕ ಅಚ್ಚಾದದ್ದು ಅನಂತರ, 1924ರಲ್ಲಿ, ಲಾಹೋರಿನಲ್ಲಿ. 'ಪ್ರೇಮಾಶ್ರಮ' ಮತ್ತು 'ರಂಗಭೂಮಿ'ಗಳೂ ಮೊದಲು ಉರ್ದುವಿನಲ್ಲಿ ರೂಪುಗೊಂಡು ಹಿಂದಿಯಲ್ಲಿ ಮೊದಲು ಪ್ರಕಟವಾದವು. ನೇರವಾಗಿ ಹಿಂದಿಯಲ್ಲಿಯೇ ಬರೆದ ಮೊದಲ ಕಾದಂಬರಿ 1926ರ 'ಕಾಯಾಕಲ್ಪ'.

ಆದರೂ ಅವರು ಉರ್ದುವನ್ನು ತ್ಯಜಿಸಲಿಲ್ಲ. ಹಿಂದಿ-ಉರ್ದು ಭಾಷೆಗಳು ಎರಡು ಧರ್ಮಗಳ ಗುರುತಾಗಿ ಒಡೆದುಹೋಗುತ್ತಿದ್ದ ಕಾಲದಲ್ಲಿ ಎರಡೂ ಲಿಪಿಗಳಲ್ಲಿ ಬರೆದು, ಇಬ್ಬರಿಗೂ ಅರ್ಥವಾಗುವ 'ಹಿಂದುಸ್ತಾನಿ'ಯ ಪರವಾಗಿ ಕೊನೆಯವರೆಗೂ ವಾದಿಸಿದರು. 1936ರ ಏಪ್ರಿಲಿನಲ್ಲಿ ಲಖನೌದಲ್ಲಿ ನಡೆದ ಪ್ರಗತಿಶೀಲ ಲೇಖಕರ ಸಂಘದ ಪ್ರಥಮ ಅಧಿವೇಶನದ ಅಧ್ಯಕ್ಷ ಭಾಷಣವನ್ನು ಅವರು ಓದಿದ್ದು ಉರ್ದುವಿನಲ್ಲಿ. ಇಂದು ಹಿಂದಿಯವರು ಅವರನ್ನು ಹಿಂದಿಯ ಪ್ರವರ್ತಕರೆಂದೂ ಉರ್ದುವಿನವರು ಉರ್ದು ಸಣ್ಣಕಥೆಯ ಪ್ರವರ್ತಕರೆಂದೂ ತಮ್ಮ ತಮ್ಮ ಚರಿತ್ರೆಗಳಲ್ಲಿ ಬರೆದುಕೊಂಡಿದ್ದಾರೆ. ಇಬ್ಬರ ಮಾತೂ ನಿಜ.

ಶಿವರಾನಿದೇವಿ

ಮೊದಲ ವಿವಾಹ ಸುಖದಾಯಕವಾಗಲಿಲ್ಲ. ಆ ಪತ್ನಿ ತವರಿಗೆ ಹೋದವರು ಮರಳಲಿಲ್ಲ, ಇವರೂ ಕರೆಯಲಿಲ್ಲ. ಹೆಣ್ಣಿನ ದುಃಖವನ್ನು ಅಷ್ಟು ಬಲ್ಲ ಲೇಖಕರ ಬಾಳಿನಲ್ಲಿ ಇದೊಂದು ಮಾಸದ ಕಲೆ. 1906ರಲ್ಲಿ ಅವರು ಬಾಲವಿಧವೆಯಾಗಿದ್ದ ಶಿವರಾನಿದೇವಿಯವರನ್ನು ವಿವಾಹವಾದರು. ಆ ಕಾಲದಲ್ಲಿ, ಆ ಸಮಾಜದಲ್ಲಿ ಅದು ಸಣ್ಣ ಧೈರ್ಯವಲ್ಲ. ಕಮಲಾ, ಶ್ರೀಪತ್ ರಾಯ್ ಮತ್ತು ಅಮೃತ್ ರಾಯ್ ಇವರ ಮಕ್ಕಳು.

ಶಿವರಾನಿದೇವಿ ಸ್ವತಃ ಕಥೆಗಾರ್ತಿ. 1930ರ ಚಳವಳಿಯಲ್ಲಿ ವಿದೇಶಿ ಬಟ್ಟೆಯಂಗಡಿಗಳ ಮುಂದೆ ಪಿಕೆಟಿಂಗ್ ಮಾಡಿ ಸೆರೆಮನೆಗೆ ಹೋದವರೂ ಅವರೇ. ಸ್ವಾತಂತ್ರ್ಯ ಹೋರಾಟದ ಕಥೆಗಾರರೆನಿಸಿದ ಪ್ರೇಮಚಂದ್ ಎಂದೂ ಸೆರೆಮನೆ ಕಂಡವರಲ್ಲ. ಪತಿಯ ಮರಣಾನಂತರ ಆಕೆ ಬರೆದ 'ಪ್ರೇಮಚಂದ್ ಘರ್ ಮೇಂ' (1944) ಎಂಬ ಸ್ಮೃತಿಗ್ರಂಥದಲ್ಲಿ ಮಹಾನ್ ಲೇಖಕನ ಪ್ರತಿಮೆಗಿಂತ ಜಗಳವಾಡುವ, ನಗುವ, ಹಣದ ಲೆಕ್ಕ ತಪ್ಪುವ ಮನುಷ್ಯ ಹೆಚ್ಚು ಕಾಣುತ್ತಾನೆ. ಮಗ ಅಮೃತ್ ರಾಯ್ ಬರೆದ 'ಕಲಮ್ ಕಾ ಸಿಪಾಹಿ' ಎಂಬ ಬೃಹತ್ ಜೀವನಚರಿತ್ರೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದಿದೆ. ಮಾಹಿತಿಗೆ ಮಗನ ಗ್ರಂಥ, ಮನುಷ್ಯನ ಪರಿಚಯಕ್ಕೆ ಹೆಂಡತಿಯ ಗ್ರಂಥ ಎನ್ನಬಹುದು.

1921ರ ಫೆಬ್ರುವರಿ 8ರಂದು ಗಾಂಧೀಜಿ ಗೋರಖಪುರಕ್ಕೆ ಬಂದರು. ಕಾಯಿಲೆಯಿಂದ ಆಗಷ್ಟೇ ಚೇತರಿಸಿಕೊಳ್ಳುತ್ತಿದ್ದ ಪ್ರೇಮಚಂದ್ ಪತ್ನಿ ಮತ್ತು ಮಕ್ಕಳೊಡನೆ ಆ ಸಭೆಗೆ ಹೋದರು. ಮರಳಿ ಬಂದು ಕೆಲವು ದಿನ ಇಬ್ಬರೂ ಚರ್ಚಿಸಿದರು. ಮನೆಯಲ್ಲಿ ಚಿಕ್ಕ ಮಕ್ಕಳು, ಶಿವರಾನಿ ಗರ್ಭಿಣಿ, ಉಳಿತಾಯವೆಂಬುದಿಲ್ಲ. ಆದರೂ ನೌಕರಿ ಬಿಡುವ ನಿರ್ಧಾರಕ್ಕೆ ಆಕೆಯ ಒಪ್ಪಿಗೆ ದೊರೆಯಿತು. ಇಪ್ಪತ್ತು ವರ್ಷ ಮೀರಿದ ಸರಕಾರಿ ಸೇವೆಗೆ ಒಂದೇ ವಾರದಲ್ಲಿ ರಾಜೀನಾಮೆ ಬಿತ್ತು. ಅಂದಿನಿಂದ ಲೇಖನಿಯೇ ಅವರಿಗೆ ಅನ್ನ.

ಸಾಲದ ಕಥೆಗಾರ

'ಸೇವಾಸದನ'ದ ಸುಮನ್ ವರದಕ್ಷಿಣೆಯ ದೆಸೆಯಿಂದ ಒಲ್ಲದ ಮದುವೆಗೂ, ಅಲ್ಲಿಂದ ವೇಶ್ಯಾವಾಟಿಕೆಗೂ ತಳ್ಳಲ್ಪಟ್ಟವಳು. 'ಚಾಂದ್' ಎಂಬ ಮಹಿಳಾ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ 'ನಿರ್ಮಲಾ'ದಲ್ಲಿ ಹದಿಹರೆಯದ ಹುಡುಗಿ ತಂದೆಯ ವಯಸ್ಸಿನ ವಕೀಲನ ಎರಡನೆಯ ಹೆಂಡತಿಯಾಗುತ್ತಾಳೆ. ಗಂಡನ ಸಂಶಯ ಇಡೀ ಮನೆಯನ್ನು ನುಂಗುತ್ತದೆ. 'ರಂಗಭೂಮಿ' (1925)ಯ ನಾಯಕ ಸೂರದಾಸ ಒಬ್ಬ ಕುರುಡ ಭಿಕ್ಷುಕ. ಸಿಗರೇಟು ಕಾರ್ಖಾನೆಗೆ ತನ್ನ ತುಂಡುಭೂಮಿಯನ್ನು ಬಿಟ್ಟುಕೊಡಲೊಪ್ಪದೆ ಸಾಯುವವರೆಗೆ ಹೋರಾಡುತ್ತಾನೆ. ಕೈಗಾರಿಕೆಗಾಗಿ ಭೂಸ್ವಾಧೀನದ ಪ್ರಶ್ನೆ ನಮ್ಮ ಕಾಲದ್ದೆಂದು ತಿಳಿದವರು ಈ ಕಾದಂಬರಿಯನ್ನೊಮ್ಮೆ ನೋಡಬೇಕು. ಇವುಗಳಲ್ಲಿ ಸುಧಾರಣೆಯ ಆಶಯ ಕಥೆಯ ಕೈಹಿಡಿದು ನಡೆಸುವುದುಂಟು. ಕೆಟ್ಟವರು ಕೊನೆಯಲ್ಲಿ ಮನಸ್ಸು ಬದಲಿಸುತ್ತಾರೆ, ಆಶ್ರಮಗಳು ತಲೆಯೆತ್ತುತ್ತವೆ. ಪ್ರೇಮಚಂದರೇ ಇದನ್ನು 'ಆದರ್ಶೋನ್ಮುಖ ಯಥಾರ್ಥವಾದ' ಎಂದು ಕರೆದಿದ್ದರು.

ಅವರ ನಿಜವಾದ ಬಲ ಬೇರೆ ಕಡೆಯಿದೆ. ಹಣ ಮನುಷ್ಯನನ್ನು ಹೇಗೆ ಕಟ್ಟಿಹಾಕುತ್ತದೆಂಬುದನ್ನು ಕಾಸು, ಆಣೆಗಳ ಲೆಕ್ಕದಲ್ಲಿ ತೋರಿಸಬಲ್ಲವರು ಅವರಿಗಿಂತ ಮೊದಲು ಹಿಂದಿಯಲ್ಲಿ ಇರಲಿಲ್ಲ. 'ಸವಾ ಸೇರ್ ಗೇಹೂಂ' ಕಥೆಯ ಶಂಕರ ಮನೆಗೆ ಬಂದ ಸಾಧುವಿಗೆ ಊಟವಿಕ್ಕಲು ಪುರೋಹಿತನಿಂದ ಒಂದೂಕಾಲು ಸೇರು ಗೋಧಿ ಕಡ ತರುತ್ತಾನೆ. ಸುಗ್ಗಿಯಲ್ಲಿ ಧಾನ್ಯ ಕೊಡುವಾಗ ಒಂದಿಷ್ಟು ಹೆಚ್ಚಾಗಿಯೇ ಅಳೆದುಕೊಟ್ಟು ಸಾಲ ತೀರಿತೆಂದು ಭಾವಿಸುತ್ತಾನೆ. ಏಳು ವರ್ಷಗಳ ಮೇಲೆ ಆ ಗೋಧಿ ಐದೂವರೆ ಮಣವಾಗಿ ಬೆಳೆದು ನಿಂತಿದೆಯೆಂದು ಪುರೋಹಿತ ಹೇಳುತ್ತಾನೆ. ಧಾನ್ಯ ರೂಪಾಯಿಯಾಗಿ, ರೂಪಾಯಿ ಬಡ್ಡಿಯಾಗಿ, ಶಂಕರ ಇಪ್ಪತ್ತು ವರ್ಷ ಜೀತ ದುಡಿದು ಸತ್ತ ಮೇಲೆ ಅವನ ಮಗನ ಕೊರಳಿಗೆ ಅದೇ ನೊಗ ಬೀಳುತ್ತದೆ. ಕಥೆಯಲ್ಲಿ ಆವೇಶದ ಮಾತಿಲ್ಲ. ಕಡತದ ವಿವರ ಓದಿದಂತೆ ಸಾಗುವ ನಿರೂಪಣೆ.

'ಪೂಸ್ ಕೀ ರಾತ್' ಕಥೆಯ ಹಲ್ಕೂ ಕಂಬಳಿಗೆಂದು ಕೂಡಿಟ್ಟ ಮೂರು ರೂಪಾಯಿಯನ್ನು ಸಾಲಗಾರನಿಗೆ ಕೊಟ್ಟು, ಪುಷ್ಯದ ಚಳಿಯಲ್ಲಿ ನಾಯಿಯನ್ನು ಅಪ್ಪಿಕೊಂಡು ಹೊಲ ಕಾಯುತ್ತಾನೆ. ಕಾಡುಮೃಗಗಳು ಪೈರು ಮೇಯುತ್ತಿರುವ ಸದ್ದು ಕೇಳಿದರೂ ಒಲೆಬೂದಿಯ ಬಿಸಿ ಬಿಟ್ಟು ಏಳಲಾರ. ಬೆಳಗ್ಗೆ ಹೆಂಡತಿ ಹಾಳಾದ ಹೊಲ ತೋರಿಸಿದರೆ, ಇನ್ನು ರಾತ್ರಿ ಚಳಿಯಲ್ಲಿ ಕಾವಲು ಕಾಯುವ ಕಷ್ಟವಿಲ್ಲವೆಂದು ಅವನಿಗೆ ಸಮಾಧಾನ! ರೈತನೊಬ್ಬ ತನ್ನ ಹೊಲ ನಾಶವಾದದ್ದಕ್ಕೆ ನಿಟ್ಟುಸಿರು ಬಿಟ್ಟು ಹಗುರಾಗುವ ಈ ಕ್ಷಣವನ್ನು ಬರೆಯುವುದಕ್ಕೆ ಹಳ್ಳಿಯ ಬಗ್ಗೆ ಪ್ರೀತಿಯಷ್ಟೇ ಸಾಲದು.

ಈ ಬಗೆಯ ಬರವಣಿಗೆಯ ಶಿಖರ 1936ರಲ್ಲಿ ಪ್ರಕಟವಾದ 'ಗೋದಾನ'. ಬೇಲಾರಿ ಗ್ರಾಮದ ಹೋರಿಗೆ ಮನೆಯ ಮುಂದೆ ಒಂದು ಹಸು ಕಟ್ಟಬೇಕೆಂಬ ಒಂದೇ ಆಸೆ. ಭೋಲಾ ಎಂಬ ಗೊಲ್ಲನಿಂದ ಎಂಬತ್ತು ರೂಪಾಯಿ ಬೆಲೆಯ ಹಸುವನ್ನು ಸಾಲವಾಗಿ ತರುತ್ತಾನೆ. ಹೊಟ್ಟೆಕಿಚ್ಚಿನಿಂದ ತಮ್ಮ ಹೀರಾ ಅದಕ್ಕೆ ವಿಷವಿಕ್ಕುತ್ತಾನೆ. ಹಸು ಹೋಯಿತು, ಸಾಲ ಉಳಿಯಿತು. ಮಗ ಗೋಬರ ಭೋಲಾನ ವಿಧವೆ ಮಗಳು ಝುನಿಯಾಳನ್ನು ಗರ್ಭಿಣಿಯಾಗಿಸಿ ಪಟ್ಟಣಕ್ಕೆ ಓಡುತ್ತಾನೆ. ಹೋರಿ ಮತ್ತು ಅವನ ಹೆಂಡತಿ ಧನಿಯಾ ಆ ಹುಡುಗಿಯನ್ನು ಮನೆಯಿಂದ ಹೊರಹಾಕಲಾರದೆ ಸೊಸೆಯೆಂದು ಒಪ್ಪಿಕೊಳ್ಳುತ್ತಾರೆ. ಅದಕ್ಕೆ ಪಂಚಾಯತಿಯ ದಂಡ ನೂರು ರೂಪಾಯಿ ನಗದು ಮತ್ತು ಮೂವತ್ತು ಮಣ ಧಾನ್ಯ. ಜಮೀನ್ದಾರ, ಸಾಹುಕಾರ, ಪುರೋಹಿತ, ಪೊಲೀಸು ಎಲ್ಲರಿಗೂ ಹೋರಿಯ ಮೇಲೆ ಹಕ್ಕುಂಟು. ಹೋರಿಗೆ ಯಾರ ಮೇಲೂ ಇಲ್ಲ. ಕೊನೆಗೆ ಕಿರಿಯ ಮಗಳು ರೂಪಾಳನ್ನು ಇನ್ನೂರು ರೂಪಾಯಿಗಾಗಿ ವಯಸ್ಸಾದವನಿಗೆ ಕೊಟ್ಟು, ಆ ಪಾಪಪ್ರಜ್ಞೆಯನ್ನೂ ಹೊತ್ತು, ಬೇಸಗೆಯ ಬಿಸಿಲಲ್ಲಿ ಕೂಲಿಗೆ ಜಲ್ಲಿ ಅಗೆಯುತ್ತ ಕುಸಿದು ಬೀಳುತ್ತಾನೆ. ಸಾಯುವವನ ಕೈಯಿಂದ ಗೋದಾನ ಮಾಡಿಸಬೇಕೆಂದು ನೆರೆದವರು ಹೇಳುತ್ತಾರೆ. ಮನೆಯಲ್ಲಿ ಹಸುವೂ ಇಲ್ಲ, ಕರುವೂ ಇಲ್ಲ. ಅಂದು ಹಗ್ಗ ಹೊಸೆದು ಮಾರಿ ಬಂದಿದ್ದ ಇಪ್ಪತ್ತಾಣೆಯನ್ನು ಧನಿಯಾ ಗಂಡನ ತಣ್ಣಗಿನ ಅಂಗೈಯಲ್ಲಿಟ್ಟು, ಅದೇ ಗೋದಾನವೆಂದು ಪುರೋಹಿತ ದಾತಾದೀನನಿಗೆ ಹೇಳಿ ಮೂರ್ಛೆಹೋಗುತ್ತಾಳೆ. ದಾತಾದೀನ ಬರಿಯ ಪುರೋಹಿತನಲ್ಲ, ಹೋರಿಗೆ ಸಾಲ ಕೊಟ್ಟವರಲ್ಲಿ ಅವನೂ ಒಬ್ಬ. ಎಂಬತ್ತು ರೂಪಾಯಿಯ ಹಸುವಿನಿಂದ ಇಪ್ಪತ್ತಾಣೆಯ ಗೋದಾನದವರೆಗೆ - ಇದೇ ಕಾದಂಬರಿಯ ಹಾದಿ. 'ಸೇವಾಸದನ'ದಲ್ಲಿದ್ದಂತಹ ಆಶ್ರಮವಾಗಲೀ, 'ಪ್ರೇಮಾಶ್ರಮ'ದಲ್ಲಿದ್ದಂತಹ ಮನಃಪರಿವರ್ತನೆಯಾಗಲೀ ಇಲ್ಲಿ ಇಲ್ಲ.

ಕಾದಂಬರಿಯ ಪಟ್ಟಣದ ಭಾಗಗಳು, ಎಂದರೆ ಮಾಲತಿ-ಮೆಹತಾರ ಸಂವಾದಗಳು, ಹಳ್ಳಿಯ ಭಾಗದಷ್ಟು ಬಿಗಿಯಾಗಿಲ್ಲವೆಂಬ ಆಕ್ಷೇಪ ಹಳೆಯದು, ಬಹುಮಟ್ಟಿಗೆ ಸರಿಯಾದುದು. ಧನಿಯಾ ಮಾತನಾಡುವಲ್ಲಿ ಇರುವ ಕಾವು ಮೆಹತಾರ ಭಾಷಣಗಳಲ್ಲಿಲ್ಲ.

ಮುದ್ರಣಾಲಯ, ಪತ್ರಿಕೆ, ಚಿತ್ರರಂಗ

ಹೋರಿಗೆ ಹಸುವಿದ್ದಂತೆ ಪ್ರೇಮಚಂದರಿಗೆ ಮುದ್ರಣಾಲಯ. 1923ರಲ್ಲಿ ಬನಾರಸ್ಸಿನಲ್ಲಿ ಸ್ಥಾಪಿಸಿದ 'ಸರಸ್ವತಿ ಪ್ರೆಸ್' ಒಂದು ದಿನವೂ ಅವರಿಗೆ ನೆಮ್ಮದಿ ಕೊಡಲಿಲ್ಲ. ಲಖನೌದ 'ಮಾಧುರಿ' ಪತ್ರಿಕೆಯ ಸಂಪಾದಕತ್ವದಿಂದ ಬಂದದ್ದು, ಪುಸ್ತಕಗಳಿಂದ ಬಂದದ್ದು ಎಲ್ಲವೂ ಪ್ರೆಸ್ಸಿನ ಹೊಟ್ಟೆಗೆ. ಸಾಲದೆಂಬಂತೆ 1930ರ ಮಾರ್ಚಿನಲ್ಲಿ 'ಹಂಸ್' ಮಾಸಪತ್ರಿಕೆಯನ್ನೂ, 1932ರಲ್ಲಿ 'ಜಾಗರಣ್' ವಾರಪತ್ರಿಕೆಯನ್ನೂ ಕೈಗೆತ್ತಿಕೊಂಡರು. ಎರಡೂ ನಷ್ಟದಲ್ಲಿ ನಡೆದವು. ಮೇಲಿಂದ ಸರಕಾರ ಜಾಮೀನು ಹಣ ಕೇಳುವ ಕಾಟ.

ಈ ಸಾಲ ತೀರಿಸುವುದಕ್ಕಾಗಿಯೇ ಅವರು 1934ರಲ್ಲಿ ಮುಂಬಯಿಯ ಅಜಂತಾ ಸಿನೆಟೋನ್ ಕಂಪೆನಿ ಸೇರಿದರು. ವರ್ಷಕ್ಕೆ ಎಂಟು ಸಾವಿರ ರೂಪಾಯಿಯ ಒಪ್ಪಂದ. ಮೋಹನ್ ಭವನಾನಿ ನಿರ್ದೇಶನದ 'ಮಜ್ದೂರ್' (ಮಿಲ್) ಚಿತ್ರಕ್ಕೆ ಕಥೆ ಬರೆದು, ಕಾರ್ಮಿಕರ ಮುಖಂಡನ ಸಣ್ಣ ಪಾತ್ರದಲ್ಲಿ ತಾವೂ ಕಾಣಿಸಿಕೊಂಡರು. ಗಿರಣಿ ಕಾರ್ಮಿಕರ ಮುಷ್ಕರದ ಆ ಚಿತ್ರ ಮುಂಬಯಿಯಲ್ಲಿ ನಿಷೇಧಕ್ಕೊಳಗಾಯಿತು. ಅದೇ ವರ್ಷ ಬನಾರಸ್ಸಿನ ಅವರದೇ ಪ್ರೆಸ್ಸಿನಲ್ಲಿ ಬಾಕಿ ಸಂಬಳಕ್ಕಾಗಿ ಕೆಲಸಗಾರರು ಮುಷ್ಕರ ಹೂಡಿದರೆಂದು ಹೇಳಲಾಗುತ್ತದೆ. ಈ ವಿಪರ್ಯಾಸವನ್ನು ಪ್ರೇಮಚಂದರೇ ಬರೆದಿದ್ದರೆ ಅತಿಯಾಯಿತೆಂದು ವಿಮರ್ಶಕರು ಹೇಳುತ್ತಿದ್ದರೇನೋ! ಚಿತ್ರರಂಗದ ರೀತಿ-ನೀತಿ ಒಗ್ಗದೆ 1935ರಲ್ಲಿ ಅವರು ಬನಾರಸ್ಸಿಗೆ ಮರಳಿದರು. ಮುಂಬಯಿಯಲ್ಲಿದ್ದಾಗಲೇ ಮದರಾಸಿಗೆ ಬಂದು ದಕ್ಷಿಣ ಭಾರತ ಹಿಂದೀ ಪ್ರಚಾರ ಸಭೆಯ ಪದವೀದಾನ ಸಮಾರಂಭದಲ್ಲಿ ಭಾಷಣ ಮಾಡಿದ್ದರು. ಮುಂದೆ ಆ ಸಭೆಯ ಪರೀಕ್ಷೆಗಳಿಗೆ ಕುಳಿತ ಕನ್ನಡಿಗರ ಹಲವು ತಲೆಮಾರುಗಳು ಹಿಂದಿ ಕಲಿತದ್ದು ಬಹುಮಟ್ಟಿಗೆ ಪ್ರೇಮಚಂದರ ಕಥೆಗಳ ಮೂಲಕವೇ. ಈದಿನ ಜಾತ್ರೆಯಲ್ಲಿ ಕೈಯಲ್ಲಿದ್ದ ಮೂರೇ ಕಾಸಿಗೆ ಆಟಿಕೆ ಕೊಳ್ಳದೆ, ರೊಟ್ಟಿ ಬೇಯಿಸುವಾಗ ಕೈ ಸುಟ್ಟುಕೊಳ್ಳುವ ಅಜ್ಜಿಗೆಂದು ಇಕ್ಕಳ ಕೊಂಡ 'ಈದ್‌ಗಾಹ್' ಕಥೆಯ ಹಾಮಿದನನ್ನು ಮರೆತವರು ಅವರಲ್ಲಿ ಯಾರೂ ಇರಲಾರರು. 'ಗೋದಾನ'ವೂ ಕನ್ನಡಕ್ಕೆ ಬಂದಿದೆ.

ಅವರ ಕಥೆಗಳ ಮೇಲೆ ನಿಂತ ಚಿತ್ರಗಳಲ್ಲಿ ಸತ್ಯಜಿತ್ ರಾಯ್ ಅವರ 'ಶತರಂಜ್ ಕೇ ಖಿಲಾಡಿ' (1977) ಮತ್ತು 'ಸದ್ಗತಿ' (1981), ಮೃಣಾಲ್ ಸೇನ್ ತೆಲುಗಿನಲ್ಲಿ ತೆಗೆದ 'ಒಕ ಊರಿ ಕಥ' (1977) ಪ್ರಮುಖವಾದವು. ಎಂ.ಎಸ್. ಸುಬ್ಬುಲಕ್ಷ್ಮಿಯವರು ಮೊದಲ ಬಾರಿಗೆ ತೆರೆಯ ಮೇಲೆ ಕಾಣಿಸಿಕೊಂಡದ್ದು 'ಸೇವಾಸದನ'ದ ಕಥೆಯನ್ನಾಧರಿಸಿದ 1938ರ ತಮಿಳು ಚಿತ್ರದಲ್ಲಿ.

ಎರಡು ಕಡೆಯ ಆಕ್ಷೇಪಗಳು

'ಸದ್ಗತಿ', 'ಠಾಕುರ್ ಕಾ ಕುಆಂ' ಮುಂತಾದ ಕಥೆಗಳಲ್ಲಿ ಪುರೋಹಿತಶಾಹಿಯನ್ನೂ ಅಸ್ಪೃಶ್ಯತೆಯನ್ನೂ ನಿರ್ದಾಕ್ಷಿಣ್ಯವಾಗಿ ಚಿತ್ರಿಸಿದ್ದಕ್ಕಾಗಿ, ಪ್ರೇಮಚಂದ್ ಬ್ರಾಹ್ಮಣದ್ವೇಷಿ, ದ್ವೇಷದ ಪ್ರಚಾರಕ ಎಂಬ ದಾಳಿ ಅವರು ಬದುಕಿದ್ದಾಗಲೇ ಹಿಂದಿ ಪತ್ರಿಕೆಗಳಲ್ಲಿ ನಡೆಯಿತು. ಅರ್ಧ ಶತಮಾನ ಕಳೆದ ಮೇಲೆ ಆಕ್ಷೇಪ ಎದುರು ದಿಕ್ಕಿನಿಂದ ಬಂತು. 'ಕಫನ್' ಕಥೆಯಲ್ಲಿ ಸೊಸೆ ಬುಧಿಯಾ ಪ್ರಸವವೇದನೆಯಿಂದ ನರಳಿ ಸಾಯುತ್ತಿದ್ದರೆ ಘೀಸು ಮತ್ತು ಮಾಧವ ಎಂಬ ಅಪ್ಪ-ಮಗ ಹೊರಗೆ ಸುಟ್ಟ ಆಲೂಗಡ್ಡೆ ತಿನ್ನುತ್ತಾರೆ. ಹೆಣಕ್ಕೆ ಹೊದಿಸುವ ಬಟ್ಟೆಗೆಂದು ಊರವರು ಕೊಟ್ಟ ಐದು ರೂಪಾಯಿಯನ್ನು ಕುಡಿದು ಮುಗಿಸುತ್ತಾರೆ. ಇವರನ್ನು ಚಮಾರ ಜಾತಿಯವರೆಂದು ಹೆಸರಿಸಿ ಇಷ್ಟು ಹೃದಯಹೀನರನ್ನಾಗಿ ಚಿತ್ರಿಸಿದ್ದು ಮೇಲ್ಜಾತಿಯ ಕಣ್ಣಿನ ದೋಷವೆಂದು ಓಂಪ್ರಕಾಶ್ ವಾಲ್ಮೀಕಿ, ಧರ್ಮವೀರ್ ಮೊದಲಾದ ದಲಿತ ಲೇಖಕರು ವಾದಿಸಿದರು. 2004ರ ಜುಲೈ 31ರಂದು, ಪ್ರೇಮಚಂದರ ಜನ್ಮದಿನದಂದೇ, ಜಾತಿಸೂಚಕ ಪದದ ಬಳಕೆಯನ್ನು ವಿರೋಧಿಸಿ ದೆಹಲಿಯಲ್ಲಿ 'ರಂಗಭೂಮಿ'ಯ ಪ್ರತಿಗಳನ್ನು ಸುಡಲಾಯಿತು.

ದುಡಿದವನಿಗೂ ದುಡಿಯದವನಿಗೂ ಒಂದೇ ಗತಿಯಾಗುವ ಊರಿನಲ್ಲಿ ದುಡಿಯದಿರುವುದೇ ಜಾಣತನವೆಂದು ಘೀಸು-ಮಾಧವರು ಕಂಡುಕೊಂಡಿದ್ದಾರೆಂಬುದನ್ನು ಕಥೆ ಸ್ಪಷ್ಟವಾಗಿಯೇ ಹೇಳುತ್ತದೆ. ಆದರೆ ಆ ಜಾಣತನಕ್ಕೆ ನಿರ್ದಿಷ್ಟ ಜಾತಿಯ ಹೆಸರು ಬೇಕಿತ್ತೇ ಎಂಬ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಪುಸ್ತಕ ಸುಡುವುದು ಮಾತ್ರ ಮಹೋಬಾದ ಕಲೆಕ್ಟರರ ಕಾಲದಿಂದಲೂ ಯಾವ ಪ್ರಶ್ನೆಗೂ ಉತ್ತರವಾಗಿಲ್ಲ.

ಕೊನೆಯ ವರ್ಷ

1936 ಅವರ ಬಾಳಿನ ಅತ್ಯಂತ ಫಲವತ್ತಾದ ವರ್ಷವೂ ಕೊನೆಯ ವರ್ಷವೂ ಆಯಿತು. 'ಗೋದಾನ', 'ಕಫನ್' ಕಥೆಯ ಹಿಂದಿ ಪ್ರಕಟಣೆ ಮತ್ತು ಲಖನೌ ಭಾಷಣ ಇದೇ ವರ್ಷದವು. ಹೊಟ್ಟೆಯ ಹಳೆಯ ಕಾಯಿಲೆ ಜೂನ್ ವೇಳೆಗೆ ಉಲ್ಬಣಿಸಿತು. ಇದೇ ಸಮಯದಲ್ಲಿ, ಭಾರತೀಯ ಸಾಹಿತ್ಯ ಪರಿಷತ್ತಿಗೆ ಒಪ್ಪಿಸಿದ್ದ 'ಹಂಸ್'ಗೆ ಸರಕಾರ ಮತ್ತೆ ಜಾಮೀನು ಕೇಳಿತು. ಪರಿಷತ್ತು ಪತ್ರಿಕೆಯನ್ನು ನಿಲ್ಲಿಸಲು ಮುಂದಾದಾಗ ಹಾಸಿಗೆ ಹಿಡಿದಿದ್ದ ಪ್ರೇಮಚಂದ್ ಜಾಮೀನು ಹಣ ಕಟ್ಟಿಸಿ ಅದನ್ನು ಮರಳಿ ತಮ್ಮದಾಗಿಸಿಕೊಂಡರು. ಸೆಪ್ಟೆಂಬರಿನ ಸಂಚಿಕೆಯಲ್ಲಿ ಅವರ 'ಮಹಾಜನೀ ಸಭ್ಯತಾ' ಎಂಬ ಪ್ರಬಂಧ ಬಂತು. ಸ್ನೇಹ, ವಿದ್ಯೆ, ಕಲೆ ಎಲ್ಲವನ್ನೂ ಲಾಭದ ತಕ್ಕಡಿಗೆ ಹಾಕುವ ಸಾಹುಕಾರಿ ನಾಗರಿಕತೆಯನ್ನು ಕುರಿತ ಬರಹ ಅದು.

1936ರ ಅಕ್ಟೋಬರ್ 8ರ ಬೆಳಗ್ಗೆ ಬನಾರಸ್ಸಿನಲ್ಲಿ ಅವರು ಕೊನೆಯುಸಿರೆಳೆದರು. ವಯಸ್ಸು 56. ಹಿಂದಿನ ರಾತ್ರಿ ಹಾಸಿಗೆಯ ಬಳಿ ಕುಳಿತಿದ್ದವರು ಹಿಂದಿ ಕಾದಂಬರಿಯ ಮುಂದಿನ ತಲೆಮಾರಿನ ಜೈನೇಂದ್ರ ಕುಮಾರ್. ಹತ್ತಿರ ಹತ್ತಿರ ಮುನ್ನೂರು ಕಥೆಗಳು, ಹನ್ನೆರಡಕ್ಕೂ ಹೆಚ್ಚು ಕಾದಂಬರಿಗಳು, ನಾಟಕಗಳು, ಅನುವಾದಗಳು, ಲೆಕ್ಕವಿಲ್ಲದಷ್ಟು ಲೇಖನಗಳು - ಇದಿಷ್ಟು ಅವರು ಬಿಟ್ಟುಹೋದ ಆಸ್ತಿ. ಕಥೆಗಳಲ್ಲಿ ಹೆಚ್ಚಿನವು 'ಮಾನಸರೋವರ'ದ ಎಂಟು ಸಂಪುಟಗಳಲ್ಲಿ ಸೇರಿವೆ. ಅಂಚೆ ಗುಮಾಸ್ತರ ಮಗನ ಚಿತ್ರವುಳ್ಳ 30 ಪೈಸೆಯ ಅಂಚೆಚೀಟಿಯನ್ನು ಅಂಚೆ ಇಲಾಖೆ 1980ರ ಜನ್ಮಶತಮಾನೋತ್ಸವದಂದು ಹೊರತಂದಿತು. ನಿಂತುಹೋಗಿದ್ದ 'ಹಂಸ್' ಪತ್ರಿಕೆಯನ್ನು ಲೇಖಕ ರಾಜೇಂದ್ರ ಯಾದವ್ 1986ರಲ್ಲಿ ಮತ್ತೆ ಆರಂಭಿಸಿ 2013ರಲ್ಲಿ ತಾವು ತೀರಿಕೊಳ್ಳುವವರೆಗೆ ನಡೆಸಿದರು.

ಹಾಸಿಗೆಯಲ್ಲಿದ್ದಾಗ ಬರೆಯುತ್ತಿದ್ದ 'ಮಂಗಲಸೂತ್ರ' ಕಾದಂಬರಿ ನಾಲ್ಕು ಅಧ್ಯಾಯಗಳಿಗೇ ನಿಂತಿದೆ. 1948ರಲ್ಲಿ ಅದು ಪುಸ್ತಕವಾಗಿ ಬಂತು. ಅದರ ನಾಯಕ ದೇವಕುಮಾರ ಒಬ್ಬ ವೃದ್ಧ ಲೇಖಕ. ಬಾಳಿಡೀ ಸಾಹಿತ್ಯಕ್ಕೆಂದು ದುಡಿದು, ಪಿತ್ರಾರ್ಜಿತ ಆಸ್ತಿಯನ್ನು ಅಗ್ಗದ ಬೆಲೆಗೆ ಮಾರಿಕೊಂಡವನು. ವಕೀಲನಾದ ಹಿರಿಯ ಮಗ, ತಂದೆಗೆ ಬುದ್ಧಿ ಸ್ಥಿಮಿತದಲ್ಲಿರಲಿಲ್ಲವೆಂದು ನ್ಯಾಯಾಲಯದಲ್ಲಿ ಸಾಧಿಸಿ ಆ ಆಸ್ತಿಯನ್ನು ಹಿಂದಕ್ಕೆ ಪಡೆಯಲು ಹವಣಿಸುತ್ತಾನೆ. ಧರ್ಮ-ನ್ಯಾಯಗಳನ್ನು ಕುರಿತು ತಾನು ಇಷ್ಟು ಕಾಲ ನಂಬಿದ್ದು ಸರಿಯೇ ಎಂದು ದೇವಕುಮಾರ ಯೋಚಿಸತೊಡಗುವ ಹಂತದಲ್ಲಿ ಹಸ್ತಪ್ರತಿ ಮುಗಿಯುತ್ತದೆ.